ಮಕ್ಕಳ ಡೇ ಕೇರ್ ಆಪರೇಷನ್‌ಗೆ ಯಾವ ಅರಿವಳಿಕೆ ಗ್ಯಾಸ್ ಒಳ್ಳೆಯದು? ಸೆವೊಫ್ಲುರೇನೋ ಡೆಸ್‌ಫ್ಲುರೇನೋ?

ಬೆಳದಿಂಗಳು:
ಎಲ್ಲರಿಗೂ ನಮಸ್ಕಾರ. ಮಗನಿಗೆ ನಾಲ್ಕು ವರ್ಷ. ತೊಡೆಸಂದಿಯಲ್ಲಿ ಹರ್ನಿಯಾ ಇದೆ, ಆಪರೇಷನ್ ಆಗಬೇಕು. ಬೆಳಿಗ್ಗೆ ಸೇರಿಸಿ ಸಂಜೆಯೊಳಗೆ ಮನೆಗೆ ಕಳಿಸುತ್ತಾರಂತೆ. ಮೊದಲು ಮಾಸ್ಕ್ ಹಿಡಿದು ಗ್ಯಾಸಿನಲ್ಲಿ ಮಲಗಿಸುತ್ತೇವೆ, ನಿದ್ದೆ ಬಂದ ಮೇಲೆ ಕೈಗೆ ಸೂಜಿ ಹಾಕುತ್ತೇವೆ ಅಂದರು. ಗ್ಯಾಸಿನ ಹೆಸರು ಸೆವೊಫ್ಲುರೇನ್.

ಆಮೇಲೆ ನಾನೇ ಓದುತ್ತಾ ಕೂತೆ. ಡೆಸ್‌ಫ್ಲುರೇನ್ ಅಂತ ಇನ್ನೊಂದು ಇದೆಯಂತೆ, ಅದರಲ್ಲಿ ಎಚ್ಚರ ಇನ್ನೂ ಬೇಗ ಆಗುತ್ತದಂತೆ. ಅದೇ ದಿನ ಮನೆಗೆ ಬರಬೇಕಾದ ಮಗುವಿಗೆ ಬೇಗ ಎಚ್ಚರವಾಗುವುದೇ ಒಳ್ಳೆಯದಲ್ವಾ? ಮತ್ತೆ ಅದನ್ನು ಯಾಕೆ ಕೊಡುವುದಿಲ್ಲ? ಇನ್ನೊಂದು ಭಯವೂ ಇದೆ. ನನ್ನ ತಂಗಿಯ ಮಗಳು ಸೆವೊಫ್ಲುರೇನ್ ಕೊಟ್ಟು ಆಪರೇಷನ್ ಆದಾಗ ಕಿರುಚುತ್ತಾ ಎದ್ದಳು, ಅಮ್ಮನನ್ನೇ ಗುರುತಿಸಲಿಲ್ಲ. ಬೇರೆ ಗ್ಯಾಸ್ ಬೇಕು ಅಂತ ಕೇಳಬಹುದಾ? ಗೊತ್ತಿರುವವರು ದಯವಿಟ್ಟು ಹೇಳಿ.

ತೊಟ್ಟಿಲು:
ಕೇಳಬಹುದು, ಕೇಳಲೇಬೇಕು. ಮಗು ನಿಮ್ಮದು.

ಮಾಸ್ಕ್‌ಹಿಡಿಯುವವ:
ನಾನು ಅರಿವಳಿಕೆ ವೈದ್ಯ, ದಿನದ ಕೆಲಸದಲ್ಲಿ ಹೆಚ್ಚಿನ ಪಾಲು ಮಕ್ಕಳದೇ. ನಿಮ್ಮ ಪ್ರಶ್ನೆ ಸರಿಯಾಗಿದೆ, ಓದಿದ್ದೂ ಸರಿಯಾಗಿದೆ. ಆದರೆ ಓದಿದ್ದರಲ್ಲಿ ಅರ್ಧ ಕಥೆ ಮಾತ್ರ ಇದೆ.

ಯಾವ ಗ್ಯಾಸ್ ಎಷ್ಟು ಬೇಗ ಕೆಲಸ ಮಾಡುತ್ತದೆ, ಎಷ್ಟು ಬೇಗ ಬಿಟ್ಟುಹೋಗುತ್ತದೆ ಅನ್ನುವುದು ಅದು ರಕ್ತದಲ್ಲಿ ಎಷ್ಟು ಕರಗುತ್ತದೆ ಅನ್ನುವುದರ ಮೇಲೆ ನಿಂತಿದೆ. ದಪ್ಪ ಬಟ್ಟೆ ಹೆಚ್ಚು ನೀರು ಹೀರಿಕೊಂಡು ನಿಧಾನವಾಗಿ ಒಣಗುತ್ತದಲ್ಲ, ಹಾಗೆ. ಕರಗುವ ಅಳತೆ ಹಳೆಯ ಗ್ಯಾಸುಗಳಾದ ಹ್ಯಾಲೊಥೇನ್‌ಗೆ ಸುಮಾರು 2.4, ಐಸೊಫ್ಲುರೇನ್‌ಗೆ 1.4, ಸೆವೊಫ್ಲುರೇನ್‌ಗೆ 0.65, ಡೆಸ್‌ಫ್ಲುರೇನ್‌ಗೆ 0.42. ಸಂಖ್ಯೆ ಚಿಕ್ಕದಾದಷ್ಟೂ ಎಚ್ಚರ ಬೇಗ. ಹಾಗಾಗಿ ಡೆಸ್‌ಫ್ಲುರೇನ್ ಓಟದಲ್ಲಿ ಮುಂದಿದೆ ಅನ್ನುವುದು ನಿಜ.

ಆದರೆ ಅದರ ವಾಸನೆ ತುಂಬಾ ಖಾರ. ಎಚ್ಚರ ಇರುವ ಮಗುವಿನ ಮೂಗಿಗೆ ಹಿಡಿದರೆ ಕೆಮ್ಮು, ಜೊಲ್ಲು, ಉಸಿರು ಬಿಗಿಹಿಡಿಯುವುದು ಎಲ್ಲ ಶುರು. ಕೆಲವೊಮ್ಮೆ ಧ್ವನಿಪೆಟ್ಟಿಗೆಯೇ ಸೆಟೆದು ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ. ಇದಕ್ಕೆ ಲ್ಯಾರಿಂಗೋಸ್ಪಾಸಂ ಅನ್ನುತ್ತೇವೆ. ಮಕ್ಕಳನ್ನು ಮಾಸ್ಕಿನಿಂದ ಡೆಸ್‌ಫ್ಲುರೇನಿನಲ್ಲಿ ಮಲಗಿಸಿ ನೋಡಿದ ಆರಂಭದ ಅಧ್ಯಯನಗಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಹೀಗಾಯಿತು. ಹಾಗಾಗಿ ಮಕ್ಕಳನ್ನು ಮಲಗಿಸಲು ಅದನ್ನು ಬಳಸಬಾರದು ಅಂತ ಔಷಧದ ಜೊತೆ ಬರುವ ಸೂಚನೆಯಲ್ಲೇ ಬರೆದಿದೆ. ಸೆವೊಫ್ಲುರೇನ್ ಹಾಗಲ್ಲ. ಮೂಗಿಗೆ ಚುಚ್ಚುವುದಿಲ್ಲ, ಮಗು ಒಂದೆರಡು ನಿಮಿಷದೊಳಗೆ ನಿದ್ದೆಗೆ ಜಾರುತ್ತದೆ. ನಿಮ್ಮ ಡಾಕ್ಟರ್ ಅದನ್ನು ಹೇಳಿದ್ದಕ್ಕೆ ಕಾರಣ ಇದು.

ಪ್ರಶ್ನೆಗಳಪ್ಪ:
ಸರಿ, ಮಲಗಿಸಲು ಸೆವೊಫ್ಲುರೇನ್ ಬಳಸಿ. ಮಲಗಿದ ಮೇಲೆ ಡೆಸ್‌ಫ್ಲುರೇನ್‌ಗೆ ಬದಲಾಯಿಸಬಹುದಲ್ಲ? ಆಗ ವಾಸನೆ ಯಾರಿಗೆ ಗೊತ್ತಾಗುತ್ತದೆ? ಎರಡರ ಲಾಭವೂ ಸಿಗುತ್ತದೆ.

ಮಾಸ್ಕ್‌ಹಿಡಿಯುವವ:
@ಪ್ರಶ್ನೆಗಳಪ್ಪ ಹಾಗೆ ಮಾಡುವವರು ಇದ್ದಾರೆ. ಉಸಿರಾಟದ ಕೊಳವೆ ಹಾಕಿದ ಮಗುವಿನಲ್ಲಿ ಅದು ನಡೆಯುತ್ತದೆ. ಆದರೆ ಹರ್ನಿಯಾದಂಥ ಚಿಕ್ಕ ಆಪರೇಷನ್‌ನಲ್ಲಿ ಸಾಮಾನ್ಯವಾಗಿ ಕೊಳವೆ ಹಾಕುವುದಿಲ್ಲ. ಗಂಟಲಿನ ಮೇಲ್ಭಾಗದಲ್ಲಿ ಕೂರುವ ಲ್ಯಾರಿಂಜಿಯಲ್ ಮಾಸ್ಕ್ ಹಾಕುತ್ತೇವೆ. ಆಗ ಧ್ವನಿಪೆಟ್ಟಿಗೆ ಗ್ಯಾಸಿಗೆ ನೇರವಾಗಿ ತೆರೆದಿರುತ್ತದೆ. ವಾಸನೆ ಗೊತ್ತಾಗದಿದ್ದರೂ ಶ್ವಾಸನಾಳಕ್ಕೆ ಕಿರಿಕಿರಿ ಗೊತ್ತಾಗುತ್ತದೆ. ವಿಶೇಷವಾಗಿ ಮಗು ಏಳುವ ಹೊತ್ತಿನಲ್ಲಿ.

ಲಾಭ ಎಷ್ಟು ಅಂತಲೂ ನೋಡಿ. ಕಣ್ಣು ತೆರೆಯುವುದು ಕೆಲವೇ ನಿಮಿಷ ಬೇಗ. ಮನೆಗೆ ಹೋಗುವ ಹೊತ್ತಿನಲ್ಲಿ ಆ ವ್ಯತ್ಯಾಸ ಸಾಮಾನ್ಯವಾಗಿ ಕಾಣಿಸುವುದೇ ಇಲ್ಲ. ಮಗು ಮನೆಗೆ ಹೋಗುವುದು ತಡವಾದರೆ ಅದಕ್ಕೆ ಕಾರಣ ನೋವು, ವಾಂತಿ, ಗಲಾಟೆ, ಕೆಮ್ಮು. ಗ್ಯಾಸ್ ರಕ್ತದಿಂದ ಹೊರಗೆ ಹೋಗಲು ತಡ ಮಾಡಿತು ಅಂತ ಮಗು ಸಂಜೆವರೆಗೆ ಉಳಿದಿದ್ದನ್ನು ನಾನು ನೋಡಿಲ್ಲ.

ನೀಲಿಛತ್ರಿ:
ಇದನ್ನು ನಾನು ಒಪ್ಪುವುದಿಲ್ಲ. ಕೆಲವೇ ನಿಮಿಷ ಅಂತ ತಳ್ಳಿಹಾಕಬೇಡಿ. ಒಂದೇ ದಿನ ಸಾಲಾಗಿ ಚಿಕ್ಕ ಮಕ್ಕಳ ಆಪರೇಷನ್ ಇರುವ ಥಿಯೇಟರ್‌ನಲ್ಲಿ ಆ ನಿಮಿಷಗಳು ಸೇರಿ ಸೇರಿ ದೊಡ್ಡದಾಗುತ್ತವೆ. ಕೊನೆಯ ಮಗು ಹಸಿದುಕೊಂಡು ಕಾಯುತ್ತಿರುತ್ತದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ರಿಕವರಿಸಿಸ್ಟರ್:
ನೀಲಿಛತ್ರಿ ಅವರೇ, ಹಸಿವಿನ ಮಾತು ನೂರಕ್ಕೆ ನೂರು ನಿಜ. ಆದರೆ ಥಿಯೇಟರ್ ತಡವಾಗುವುದು ಗ್ಯಾಸಿನಿಂದಲ್ಲ. ಪಟ್ಟಿ ತಪ್ಪಾಗಿ ಹಾಕಿರುತ್ತಾರೆ, ಹಿಂದಿನ ಕೇಸ್ ಉದ್ದವಾಗಿರುತ್ತದೆ, ಒಪ್ಪಿಗೆ ಪತ್ರಕ್ಕೆ ಸಹಿ ಆಗಿರುವುದಿಲ್ಲ. ಎಚ್ಚರವಾಗುವ ಕೋಣೆಯಲ್ಲಿ ಕೆಲಸ ಮಾಡುವವಳಾಗಿ ಹೇಳುತ್ತೇನೆ, ನಾಲ್ಕು ನಿಮಿಷ ಬೇಗ ಎದ್ದು ಕೆಮ್ಮಿ ನೀಲಿಯಾಗುವ ಮಗುವಿಗಿಂತ ನಾಲ್ಕು ನಿಮಿಷ ತಡವಾಗಿ ಸುಮ್ನೆ ಕಣ್ಣು ಬಿಡುವ ಮಗು ನನಗೆ ಬೇಕು.

ನೀಲಿಛತ್ರಿ:
ಸಿಸ್ಟರ್, ಅದು ಸರಿ. ಆದರೆ ದೊಡ್ಡ ಆಪರೇಷನ್ ಇದ್ದಾಗ, ಕೊಳವೆ ಹಾಕಿದಾಗ, ತೂಕ ಜಾಸ್ತಿ ಇರುವ ಮಗುವಿನಲ್ಲಿ ಡೆಸ್‌ಫ್ಲುರೇನ್‌ಗೆ ಜಾಗ ಇದೆ ಅನ್ನುವುದನ್ನು ನಾನು ಬಿಡುವುದಿಲ್ಲ.

ಮಾಸ್ಕ್‌ಹಿಡಿಯುವವ:
ಗಂಟೆಗಟ್ಟಲೆ ನಡೆಯುವ ಆಪರೇಷನ್‌ನಲ್ಲಿ ವಾದಕ್ಕೆ ಜಾಗ ಇದೆ, ಒಪ್ಪುತ್ತೇನೆ. ಇಲ್ಲಿ ಕೇಳಿರುವುದು ಅರ್ಧ ಗಂಟೆ, ಮುಕ್ಕಾಲು ಗಂಟೆಯ ಹರ್ನಿಯಾ. ಗ್ಯಾಸ್ ಕೊಟ್ಟ ಹೊತ್ತು ಕಡಿಮೆಯಾದಷ್ಟೂ ಇವೆರಡರ ಅಂತರವೂ ಕಿರಿದಾಗುತ್ತದೆ.

ಹಳೆಥಿಯೇಟರ್:
ಹ್ಯಾಲೊಥೇನ್ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ. ನಾವು ವರ್ಷಗಟ್ಟಲೆ ಸಾವಿರಾರು ಮಕ್ಕಳನ್ನು ಅದರಲ್ಲೇ ಮಲಗಿಸಿದ್ದೇವೆ. ಸಿಹಿ ವಾಸನೆ, ನಯವಾದ ನಿದ್ದೆ. ಏಳುವಾಗ ಈ ಕಿರುಚಾಟ ಇರಲಿಲ್ಲ, ಮಕ್ಕಳು ಮಂಪರಿನಲ್ಲೇ ಇರುತ್ತಿದ್ದರು, ಅಮ್ಮನ ಮಡಿಲಲ್ಲಿ ಮತ್ತೆ ಮಲಗುತ್ತಿದ್ದರು. ಸೆವೊಫ್ಲುರೇನ್ ಬಂದ ಮೇಲೆ ಎಚ್ಚರವಾಗುವ ಕೋಣೆಯ ಸದ್ದೇ ಬದಲಾಯಿತು. ಹೊಸದು ಅಂದ ಮಾತ್ರಕ್ಕೆ ಎಲ್ಲವೂ ಮೇಲಲ್ಲ.

ಮಾಸ್ಕ್‌ಹಿಡಿಯುವವ:
@ಹಳೆಥಿಯೇಟರ್ ಏಳುವಾಗಿನ ಗಲಾಟೆ ಹ್ಯಾಲೊಥೇನ್‌ನಲ್ಲಿ ಕಡಿಮೆ ಇತ್ತು. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2014ರ ಕೊಕ್ರೇನ್ ವಿಮರ್ಶೆಯಲ್ಲೂ ಹಾಗೇ ಕಂಡುಬಂತು. ಆದರೆ ಹೃದಯದ ವಿಷಯ ಬಿಡಬಾರದು. ಹ್ಯಾಲೊಥೇನ್ ಹೃದಯದ ಬಡಿತ ನಿಧಾನ ಮಾಡುತ್ತದೆ, ಅದರ ಹಿಂಡುವ ಶಕ್ತಿ ಕುಗ್ಗಿಸುತ್ತದೆ. ಸರ್ಜನ್ ಅಡ್ರಿನಲಿನ್ ಇರುವ ಚುಚ್ಚುಮದ್ದು ಕೊಟ್ಟರೆ ಬಡಿತದ ತಾಳವೇ ತಪ್ಪಬಹುದು. ಅಮೆರಿಕದಲ್ಲಿ ಅರಿವಳಿಕೆಗೆ ಸಂಬಂಧಿಸಿ ಮಕ್ಕಳ ಹೃದಯ ನಿಂತ ಘಟನೆಗಳನ್ನು ದಾಖಲು ಮಾಡುತ್ತಾ ಬಂದಿದ್ದಾರೆ. 1994ರಿಂದ 1997ರವರೆಗಿನ ಲೆಕ್ಕದಲ್ಲಿ 37%ಕ್ಕೆ ಔಷಧಗಳೇ ಕಾರಣ. ಅದರಲ್ಲಿ ದೊಡ್ಡ ಪಾಲು ಹ್ಯಾಲೊಥೇನ್‌ನದು. 1998ರಿಂದ 2004ರ ಲೆಕ್ಕದಲ್ಲಿ ಅದು 18%ಕ್ಕೆ ಇಳಿಯಿತು. ಆ ನಡುವೆ ಆದ ದೊಡ್ಡ ಬದಲಾವಣೆ ಹ್ಯಾಲೊಥೇನ್ ಹೋಗಿ ಸೆವೊಫ್ಲುರೇನ್ ಬಂದಿದ್ದು.

ಜೊತೆಗೆ ಲಿವರ್. ಹ್ಯಾಲೊಥೇನ್‌ನ ಸುಮಾರು ಐದನೇ ಒಂದು ಭಾಗ ದೇಹದೊಳಗೇ ಒಡೆಯುತ್ತದೆ. ಸೆವೊಫ್ಲುರೇನ್ 2ರಿಂದ 5%, ಡೆಸ್‌ಫ್ಲುರೇನ್ 0.02% ಅಷ್ಟೇ. ಹ್ಯಾಲೊಥೇನ್‌ನಿಂದ ಬರುವ ಲಿವರ್ ಉರಿಯೂತ ಮಕ್ಕಳಲ್ಲಿ ತೀರಾ ಅಪರೂಪ, ಆದರೆ ಬಂದರೆ ಜೀವಕ್ಕೇ ಕುತ್ತು.

ಹಳೆಥಿಯೇಟರ್:
ಅಂಕಿಅಂಶ ನನಗೂ ಗೊತ್ತು. ಬೇರೇನೂ ಸಿಗದ ಕಡೆ ಇವತ್ತಿಗೂ ಅದರಲ್ಲೇ ಕೆಲಸ ಮಾಡುವವರಿದ್ದಾರೆ. ಅವರು ಮಕ್ಕಳಿಗೆ ಕೆಟ್ಟದ್ದು ಮಾಡುತ್ತಿದ್ದಾರೆ ಅನ್ನುವ ಹಾಗೆ ಓದುವವರಿಗೆ ಅನಿಸಬಾರದು. ಕೈ ಪಳಗಿದವರು ನಾಡಿಯ ಮೇಲೆ ಬೆರಳಿಟ್ಟೇ ಅದನ್ನು ಕೊಡುತ್ತಾರೆ.

ಮಾಸ್ಕ್‌ಹಿಡಿಯುವವ:
ಅದು ಖಂಡಿತ ನಿಜ. ಕೊಡುವವರ ಕೈ ಯಾವ ಬಾಟಲಿಗಿಂತಲೂ ಮುಖ್ಯ.

ಅವಳಿಅಮ್ಮ:
ಕಿರುಚಾಟದ ವಿಷಯಕ್ಕೆ ಬರುತ್ತೇನೆ, ಬೆಳದಿಂಗಳು ಅವರ ಭಯ ಅದೇ ಅಲ್ವಾ. ನನ್ನ ಅವಳಿ ಮಕ್ಕಳಿಬ್ಬರಿಗೂ ಸೆವೊಫ್ಲುರೇನ್ ಕೊಟ್ಟಿದ್ದರು. ಒಂದೇ ಆಪರೇಷನ್, ಒಂದೇ ಡಾಕ್ಟರ್. ಒಬ್ಬಳು ಕಣ್ಣು ಬಿಟ್ಟು ನೀರು ಕೇಳಿದಳು. ಇನ್ನೊಬ್ಬಳು ಎದ್ದು ಕೂತು ಬ್ಯಾಂಡೇಜ್ ಕಿತ್ತು ಹಾಕಲು ಹೋದಳು. ನನ್ನ ಮುಖ ನೋಡುತ್ತಿದ್ದಳು, ಆದರೆ ನೋಡುತ್ತಿರಲಿಲ್ಲ. ಹೇಗೆ ಹೇಳಬೇಕೋ ಗೊತ್ತಾಗುತ್ತಿಲ್ಲ. ಕಾಲು ಗಂಟೆ ಆದ ಮೇಲೆ ತಾನಾಗಿಯೇ ಮಲಗಿ, ಮತ್ತೆ ಎದ್ದಾಗ ಏನೂ ನೆನಪಿರಲಿಲ್ಲ. ನಮಗೆ ಮೊದಲೇ ಯಾರೂ ಹೇಳಿರಲಿಲ್ಲ, ಅದಕ್ಕೇ ಎದೆ ಒಡೆದುಹೋಗಿತ್ತು. ಹೀಗಾಗಬಹುದು ಅಂತ ಎರಡು ಮಾತು ಮೊದಲೇ ಹೇಳಿದ್ದರೆ ಸಾಕಿತ್ತು.

ಕಂಬಳಿಹುಳು:
ನೋವಿಗೆ ಕಿರುಚುತ್ತವೆ ಅಷ್ಟೇ. ನೋವಿನ ಔಷಧ ಸರಿಯಾಗಿ ಕೊಟ್ಟರೆ ಏನೂ ಆಗುವುದಿಲ್ಲ. ಸುಮ್ನೆ ದೊಡ್ಡ ಹೆಸರಿಟ್ಟು ಹೆದರಿಸುತ್ತಾರೆ.

ರಿಕವರಿಸಿಸ್ಟರ್:
@ಕಂಬಳಿಹುಳು ಇಲ್ಲ. ಎಂಆರ್‌ಐ ಸ್ಕ್ಯಾನ್‌ಗೆ ಅಂತ ಸೆವೊಫ್ಲುರೇನ್ ಕೊಟ್ಟು ಮಲಗಿಸಿದ ಮಕ್ಕಳೂ ಹೀಗೆ ಏಳುತ್ತಾರೆ. ಅಲ್ಲಿ ಕತ್ತರಿಯೂ ಇಲ್ಲ, ಹೊಲಿಗೆಯೂ ಇಲ್ಲ, ನೋವು ಎಲ್ಲಿಂದ ಬರಬೇಕು? ನೋವಿದ್ದರೆ ಗಲಾಟೆ ಜಾಸ್ತಿಯಾಗುತ್ತದೆ, ಅದು ಬೇರೆ ಮಾತು.

ನಾವು ನೋಡುವುದು ಐದು ವಿಷಯ. ಮಗು ಕಣ್ಣಿಗೆ ಕಣ್ಣು ಕೊಡುತ್ತದಾ, ಮಾಡುವ ಕೆಲಸಕ್ಕೆ ಒಂದು ಉದ್ದೇಶ ಇದೆಯಾ, ಸುತ್ತಲಿನ ಅರಿವಿದೆಯಾ, ಚಡಪಡಿಸುತ್ತಿದೆಯಾ, ಸಮಾಧಾನ ಮಾಡಿದರೆ ಆಗುತ್ತದಾ. ಒಂದೊಂದಕ್ಕೂ 0ರಿಂದ 4 ಅಂಕ, ಒಟ್ಟು 20. 10 ಅಥವಾ 12 ದಾಟಿದರೆ ಇದು ಎಚ್ಚರದ ಹೊತ್ತಿನ ಗೊಂದಲ ಅಂತ ಲೆಕ್ಕ. ಈ ಅಳತೆ 2004ರಲ್ಲಿ ಬಂತು, ಪೀಡ್ ಸ್ಕೇಲ್ ಅನ್ನುತ್ತಾರೆ. ನೋವಿನ ಮಗು ಅಮ್ಮನನ್ನು ಹುಡುಕುತ್ತದೆ, ಕಣ್ಣಲ್ಲಿ ಕಣ್ಣಿಡುತ್ತದೆ, ನೋಯುವ ಜಾಗ ಹಿಡಿದುಕೊಳ್ಳುತ್ತದೆ. ಗೊಂದಲದ ಮಗುವಿಗೆ ಅಮ್ಮನೂ ಒಂದೇ, ಗೋಡೆಯೂ ಒಂದೇ. ಎರಡರಿಂದ ಐದು ವರ್ಷದವರಲ್ಲಿ ಹೆಚ್ಚು. ಸಾಮಾನ್ಯವಾಗಿ ಮೊದಲ ಅರ್ಧ ಗಂಟೆಯೊಳಗೆ ಬರುತ್ತದೆ, ತಾನಾಗಿ ಹೋಗುತ್ತದೆ.

ಬೆಳದಿಂಗಳು:
ಅಯ್ಯೋ, ನನ್ನ ಮಗ ಸರಿಯಾಗಿ ಅದೇ ವಯಸ್ಸಿನಲ್ಲಿದ್ದಾನೆ. ಹಾಗಾದರೆ ಡೆಸ್‌ಫ್ಲುರೇನ್‌ನಲ್ಲಿ ಈ ಗೊಂದಲ ಕಡಿಮೆಯಾ? ಬೇಗ ಬಿಟ್ಟುಹೋಗುತ್ತದಲ್ಲ.

ಮಾಸ್ಕ್‌ಹಿಡಿಯುವವ:
ಕಡಿಮೆ ಅಂತ ತೋರಿಸಲು ಆಗಿಲ್ಲ. ಅದೇ ಕೊಕ್ರೇನ್ ವಿಮರ್ಶೆಯಲ್ಲಿ ಸೆವೊಫ್ಲುರೇನ್, ಡೆಸ್‌ಫ್ಲುರೇನ್ ನಡುವೆ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಬೇಗ ಎದ್ದರೆ ಶಾಂತವಾಗಿ ಏಳುತ್ತಾರೆ ಅಂತ ಏನೂ ಇಲ್ಲ. ಹಾಗಂತ ಬೇಗ ಏಳುವುದೇ ಗಲಾಟೆಗೆ ಕಾರಣ ಅಂತಲೂ ಹೇಳಲಾಗುವುದಿಲ್ಲ. ಪ್ರೊಪೊಫಾಲ್ ಅಂತ ರಕ್ತನಾಳಕ್ಕೆ ಕೊಡುವ ನಿದ್ದೆಯ ಔಷಧ ಇದೆ, ಅದನ್ನು ಕೊಟ್ಟ ಮಕ್ಕಳೂ ಬೇಗ ಏಳುತ್ತಾರೆ, ಅವರಲ್ಲಿ ಈ ಗಲಾಟೆ ಕಡಿಮೆ.

ಗ್ಯಾಸ್ ಬದಲಿಸುವುದಕ್ಕಿಂತ ಏಳುವ ಹೊತ್ತಿಗೆ ತಯಾರಿ ಮಾಡುವುದರಿಂದ ಹೆಚ್ಚು ಉಪಯೋಗ. ಆಪರೇಷನ್ ಮುಗಿಯುವಾಗ ಸ್ವಲ್ಪ ಪ್ರೊಪೊಫಾಲ್ ಕೊಡುತ್ತಾರೆ, ಅಥವಾ ಶಾಂತಗೊಳಿಸುವ ಡೆಕ್ಸ್‌ಮೆಡಿಟೊಮಿಡಿನ್, ಅಥವಾ ನೋವು ಕಳೆಯುವ ಫೆಂಟನಿಲ್. ಹರ್ನಿಯಾಗೆ ಬೆನ್ನಿನ ಕೆಳಭಾಗದಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೆ ನೋವಿನ ಪಾಲು ಹೋಗುತ್ತದೆ, ಗ್ಯಾಸೂ ಕಡಿಮೆ ಸಾಕಾಗುತ್ತದೆ. ಅದನ್ನು ಮಗು ಮಲಗಿದ ಮೇಲೆಯೇ ಕೊಡುವುದು, ಹೆದರಬೇಡಿ.

ತೊಟ್ಟಿಲು:
ಹಾಗಿದ್ದರೆ ಗ್ಯಾಸೇ ಬೇಡ, ಪೂರ್ತಿ ಪ್ರೊಪೊಫಾಲ್‌ನಲ್ಲೇ ಮಾಡಿ ಅಂತ ಕೇಳಿದರೆ ಆಯಿತಲ್ಲ? ನನ್ನ ಮಗನಿಗೆ ಹಾಗೇ ಮಾಡಿದ್ದರು. ವಾಂತಿಯೂ ಆಗಲಿಲ್ಲ, ಕಿರುಚಲೂ ಇಲ್ಲ. ನಗುತ್ತಾ ಎದ್ದ.

ಅವಳಿಅಮ್ಮ:
ಎಚ್ಚರ ಇರುವಾಗಲೇ ಸೂಜಿ ಹಾಕಿಸಿಕೊಂಡನಾ? ನನ್ನ ಮಕ್ಕಳಾಗಿದ್ದರೆ ಆಸ್ಪತ್ರೆಯೇ ಎದ್ದು ಕೂರುತ್ತಿತ್ತು.

ತೊಟ್ಟಿಲು:
ಮರಗಟ್ಟಿಸುವ ಕ್ರೀಮ್ ಹಚ್ಚಿ ಒಂದು ಗಂಟೆ ಕಾದರು. ಗೊತ್ತೇ ಆಗಲಿಲ್ಲ.

ಮಾಸ್ಕ್‌ಹಿಡಿಯುವವ:
ತೊಟ್ಟಿಲು ಹೇಳಿದ್ದು ಒಳ್ಳೆಯ ದಾರಿ. ಗೂರಲು ಇರುವ ಮಕ್ಕಳಿಗೆ, ಇತ್ತೀಚೆಗೆ ನೆಗಡಿಯಾದವರಿಗೆ ಇನ್ನೂ ಒಳ್ಳೆಯದು. ಉಸಿರಾಟದ ತೊಂದರೆಯ ಅಪಾಯ ಇರುವ ಮಕ್ಕಳಲ್ಲಿ ಪ್ರೊಪೊಫಾಲ್‌ನಿಂದ ಮಲಗಿಸಿದರೆ ಸೆವೊಫ್ಲುರೇನ್‌ಗಿಂತ ತೊಂದರೆ ಕಡಿಮೆ ಅಂತ 2018ರಲ್ಲಿ ಆಸ್ಟ್ರೇಲಿಯಾದ ಅಧ್ಯಯನ ತೋರಿಸಿತು. ಆದರೆ ಮೊದಲು ರಕ್ತನಾಳ ಸಿಗಬೇಕು. ಪ್ರೊಪೊಫಾಲ್ ಒಳಗೆ ಹೋಗುವಾಗ ಉರಿಯುತ್ತದೆ. ಔಷಧ ಸತತವಾಗಿ ಹರಿಸುವ ಪಂಪು ಬೇಕು, ಅದರ ಅಭ್ಯಾಸ ಇರುವವರು ಬೇಕು. ಗುಂಡುಗುಂಡಾದ ಕೈಯ ಒಂದು ವರ್ಷದ ಮಗುವಿಗೆ ಎಚ್ಚರದಲ್ಲೇ ಮತ್ತೆ ಮತ್ತೆ ಚುಚ್ಚುವುದಕ್ಕಿಂತ ಮಾಸ್ಕ್ ಎಷ್ಟೋ ಮೇಲು. ಮಾಸ್ಕಿನಲ್ಲಿ ಮಲಗಿಸಿ, ಸೂಜಿ ಹಾಕಿ, ಆಮೇಲೆ ಪ್ರೊಪೊಫಾಲ್‌ಗೆ ಬದಲಿಸುವುದೂ ಉಂಟು.

ಪ್ರಶ್ನೆಗಳಪ್ಪ:
ನೈಟ್ರಸ್ ಆಕ್ಸೈಡ್, ಅದೇ ನಗೆ ಅನಿಲ? ಅದು ಇನ್ನೂ ಬಳಕೆಯಲ್ಲಿದೆಯಾ? ರಕ್ತದಲ್ಲಿ ಕರಗುವುದೂ ಕಡಿಮೆ, ವಾಸನೆಯೂ ಇಲ್ಲ ಅಂತ ಓದಿದ್ದೇನೆ.

ನೀಲಿಛತ್ರಿ:
ಕರಗುವ ಅಳತೆ 0.47, ಹಾಗಾಗಿ ವೇಗ ಇದೆ. ಶಕ್ತಿ ಇಲ್ಲ. ಒಂದರಿಂದಲೇ ಆಪರೇಷನ್ ಮಾಡುವಷ್ಟು ನಿದ್ದೆ ಬರಿಸಲು ಆಗುವುದಿಲ್ಲ. ಸೆವೊಫ್ಲುರೇನ್ ಜೊತೆ ಸೇರಿಸಿ ಕೊಟ್ಟರೆ ಮಗು ಬೇಗ ಮಲಗುತ್ತದೆ. ತೊಂದರೆ ಏನೆಂದರೆ ವಾಂತಿ ಹೆಚ್ಚುತ್ತದೆ. ದೇಹದೊಳಗೆ ಗಾಳಿ ತುಂಬಿದ ಮುಚ್ಚಿದ ಜಾಗಗಳಿಗೆ ನುಗ್ಗಿ ಅಲ್ಲಿ ಒತ್ತಡ ಏರಿಸುತ್ತದೆ. ಅದಕ್ಕೇ ಕಿವಿಯ ತಮಟೆಗೆ ತೇಪೆ ಹಾಕುವ ಆಪರೇಷನ್‌ನಲ್ಲಿ ಅದನ್ನು ದೂರ ಇಡುತ್ತಾರೆ.

ಹಸಿರುಹಾದಿ:
ಇನ್ನೊಂದು ಮಾತು ಸೇರಿಸಲೇಬೇಕು. ಈ ಗ್ಯಾಸುಗಳು ಮಗುವಿನ ಶ್ವಾಸಕೋಶದಿಂದ ಹೊರಬಂದು ಎಲ್ಲಿಗೆ ಹೋಗುತ್ತವೆ? ಕೊಳವೆಯ ಮೂಲಕ ಚಾವಣಿಯಾಚೆ, ನೇರವಾಗಿ ಆಕಾಶಕ್ಕೆ. ನೂರು ವರ್ಷದ ಲೆಕ್ಕದಲ್ಲಿ ಡೆಸ್‌ಫ್ಲುರೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 2,500 ಪಟ್ಟು ಹೆಚ್ಚು ಬಿಸಿ ಹಿಡಿದಿಡುತ್ತದೆ. ಸೆವೊಫ್ಲುರೇನ್ ಅದಕ್ಕಿಂತ ಬಹಳ ಕಡಿಮೆ. ಮೇಲಾಗಿ ಡೆಸ್‌ಫ್ಲುರೇನ್ ಪ್ರಮಾಣವೂ ಜಾಸ್ತಿ ಬೇಕು. ಸ್ಕಾಟ್ಲೆಂಡ್ 2023ರಲ್ಲೇ ಅದನ್ನು ಆಸ್ಪತ್ರೆಗಳಿಂದ ತೆಗೆಯಿತು. ಯುರೋಪಿಯನ್ ಒಕ್ಕೂಟದಲ್ಲಿ 2026ರ ಜನವರಿ 1ರಿಂದ ವೈದ್ಯಕೀಯವಾಗಿ ಬೇರೆ ದಾರಿ ಇಲ್ಲದಿದ್ದರೆ ಮಾತ್ರ ಬಳಸಬಹುದು.

ಕಂಬಳಿಹುಳು:
ಮಗು ಆಪರೇಷನ್ ಟೇಬಲ್ ಮೇಲಿದ್ದಾಗ ಆಕಾಶದ ಯೋಚನೆ ಯಾಕೆ?

ಹಸಿರುಹಾದಿ:
ಅದೇ ಮಗು ಆ ಆಕಾಶದ ಕೆಳಗೆ ಬೆಳೆಯಬೇಕು. ಇಲ್ಲಿ ಮಗುವಿಗೆ ಒಳ್ಳೆಯದನ್ನು ಬಿಟ್ಟುಕೊಡಿ ಅಂತ ಯಾರೂ ಹೇಳುತ್ತಿಲ್ಲ. ಚಿಕ್ಕ ಮಕ್ಕಳ ಗಂಟಲಿಗೂ ಕೆಟ್ಟದ್ದು, ಗಾಳಿಗೂ ಕೆಟ್ಟದ್ದು ಅಂದ ಮೇಲೆ ಈ ವಿಷಯದಲ್ಲಿ ಜಗಳವೇ ಇಲ್ಲ.

ಮಾಸ್ಕ್‌ಹಿಡಿಯುವವ:
ಪ್ರಮಾಣದ ಮಾತು ಬಂತಲ್ಲ, ಒಂದು ವಿವರ. ಉಸಿರಾಡುವ ಗಾಳಿಯಲ್ಲಿ ಗ್ಯಾಸಿನ ಸಾಂದ್ರತೆ ಮಕ್ಕಳಿಗೆ ದೊಡ್ಡವರಿಗಿಂತ ಹೆಚ್ಚು ಬೇಕು. ಸೆವೊಫ್ಲುರೇನ್ ದೊಡ್ಡವರಿಗೆ ಸುಮಾರು 2% ಸಾಕು. ಆರು ತಿಂಗಳಿಂದ ಹನ್ನೆರಡು ವರ್ಷದವರಿಗೆ ಸುಮಾರು 2.5%, ನವಜಾತ ಶಿಶುವಿಗೆ 3.3%. ಡೆಸ್‌ಫ್ಲುರೇನ್ ದೊಡ್ಡವರಿಗೆ ಸುಮಾರು 6%, ಒಂದು ವರ್ಷದೊಳಗಿನ ಮಗುವಿಗೆ 10%ರ ಹತ್ತಿರ. ಮಲಗಿಸುವಾಗ ಸೆವೊಫ್ಲುರೇನ್ 8%ವರೆಗೂ ತಿರುಗಿಸುತ್ತೇವೆ, ನಿದ್ದೆ ಬಂದ ಕೂಡಲೇ ಇಳಿಸುತ್ತೇವೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಆ ಹೊತ್ತಿನಲ್ಲಿ ಹೃದಯದ ಬಡಿತ ಇಳಿಯುವುದು ಹೆಚ್ಚು, ಅವರಿಗೆ ನಿಧಾನವಾಗಿ ಏರಿಸಬೇಕು.

ಬೆಳದಿಂಗಳು ಅವರೇ, ನೀವು ಒಳಗೆ ಬರುವುದಾದರೆ ಇದನ್ನು ತಿಳಿದಿರಿ. ಮಲಗುವ ನಡುಹಂತದಲ್ಲಿ ಮಗು ಕೈಕಾಲು ಆಡಿಸಬಹುದು, ಕಣ್ಣುಗುಡ್ಡೆ ತಿರುಗಬಹುದು, ಗೊರಕೆಯ ಸದ್ದು ಬರಬಹುದು. ಆಗ ಅವನಿಗೆ ಏನೂ ಗೊತ್ತಾಗುತ್ತಿರುವುದಿಲ್ಲ. ನಿಮಗೆ ಮಾತ್ರ ನೋಡಲು ಕಷ್ಟವಾಗುತ್ತದೆ.

ಬೆಳದಿಂಗಳು:
ಇದನ್ನು ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಗೊತ್ತಿಲ್ಲದಿದ್ದರೆ ನಾನು ಅಲ್ಲೇ ಕುಸಿಯುತ್ತಿದ್ದೆ. ಇನ್ನೊಂದು ಕೇಳುತ್ತೇನೆ, ಬೈಯಬೇಡಿ. ಈ ಗ್ಯಾಸುಗಳು ಮಕ್ಕಳ ಮೆದುಳಿಗೆ ಹಾನಿ ಅಂತ ಎಲ್ಲ ಕಡೆ ಬರೆದಿದೆ. ರಾತ್ರಿ ಅದನ್ನು ಓದಿ ನಿದ್ದೆ ಬರಲಿಲ್ಲ.

ಕಂಬಳಿಹುಳು:
ಹಾನಿಯೇ. ಅಮೆರಿಕ ಸರ್ಕಾರವೇ ಎಚ್ಚರಿಕೆ ಕೊಟ್ಟಿದೆ.

ಮಾಸ್ಕ್‌ಹಿಡಿಯುವವ:
ಎಚ್ಚರಿಕೆ ಪೂರ್ತಿ ಓದಿ. 2016ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳಿದ್ದು ಮೂರು ವರ್ಷದೊಳಗಿನ ಮಕ್ಕಳಿಗೆ, ಮೂರು ಗಂಟೆಗಿಂತ ಉದ್ದದ ಅರಿವಳಿಕೆ ಅಥವಾ ಮತ್ತೆ ಮತ್ತೆ ಕೊಡುವ ಅರಿವಳಿಕೆಯ ಬಗ್ಗೆ. ಅದಕ್ಕೆ ಆಧಾರ ಹೆಚ್ಚಾಗಿ ಪ್ರಾಣಿಗಳ ಮೇಲಿನ ಪ್ರಯೋಗ. ಆ ಪಟ್ಟಿಯಲ್ಲಿ ಪ್ರೊಪೊಫಾಲ್ ಕೂಡ ಇದೆ, ಗ್ಯಾಸುಗಳು ಮಾತ್ರ ಅಲ್ಲ.

ಮನುಷ್ಯರ ಮಕ್ಕಳ ಮೇಲೆ ಸರಿಯಾಗಿ ನಡೆದ ಒಂದು ಅಧ್ಯಯನದ ಹೆಸರು ಗ್ಯಾಸ್. ಏಳು ದೇಶಗಳ 722 ಹಸುಗೂಸುಗಳು, ಎಲ್ಲರಿಗೂ ಹರ್ನಿಯಾ ಆಪರೇಷನ್, ನಿಮ್ಮ ಮಗನಿಗೆ ಆಗಬೇಕಾದ್ದೇ. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸೆವೊಫ್ಲುರೇನ್, ಇನ್ನೊಂದಕ್ಕೆ ಎಚ್ಚರದಲ್ಲೇ ಸೊಂಟದ ಕೆಳಗೆ ಮರಗಟ್ಟಿಸುವುದು. ಗ್ಯಾಸ್ ಕೊಟ್ಟ ಹೊತ್ತು ಮಧ್ಯದ ಲೆಕ್ಕದಲ್ಲಿ 54 ನಿಮಿಷ. ಐದು ವರ್ಷ ತುಂಬಿದ ಮೇಲೆ ಬುದ್ಧಿಶಕ್ತಿ ಅಳೆದಾಗ ಎರಡೂ ಗುಂಪು ಒಂದೇ. ಫಲಿತಾಂಶ 2019ರಲ್ಲಿ ಬಂತು. ನಿಮ್ಮ ಮಗ ಅವರಿಗಿಂತ ದೊಡ್ಡವನು, ಒಂದೇ ಸಲದ ಚಿಕ್ಕ ಆಪರೇಷನ್. ನಿದ್ದೆ ಮಾಡಿ.

ಹಳೆಥಿಯೇಟರ್:
ಡೇ ಕೇರ್ ಅನ್ನುವುದು ಹೊಸ ಫ್ಯಾಷನ್ ಅಂದುಕೊಂಡವರಿಗೆ ಒಂದು ಮಾತು. 1909ರಲ್ಲೇ ಗ್ಲಾಸ್ಗೋದ ಸರ್ಜನ್ ಜೇಮ್ಸ್ ನಿಕೋಲ್ ಮಕ್ಕಳಿಗೆ ಆಪರೇಷನ್ ಮಾಡಿ ಅದೇ ದಿನ ಮನೆಗೆ ಕಳಿಸಿದ 8,988 ಕೇಸುಗಳ ವರದಿ ಕೊಟ್ಟರು. ತಾಯಿಯ ಜೊತೆ ಮನೆಯಲ್ಲೇ ಮಗು ಚೆನ್ನಾಗಿ ಚೇತರಿಸಿಕೊಳ್ಳುತ್ತದೆ ಅನ್ನುವುದು ಅವರ ವಾದ. ಆಗ ಸೆವೊಫ್ಲುರೇನೂ ಇಲ್ಲ, ಬೆರಳಿಗೆ ಹಾಕುವ ಆಕ್ಸಿಜನ್ ಮೀಟರೂ ಇಲ್ಲ.

ಪ್ರಶ್ನೆಗಳಪ್ಪ:
ಅಬ್ಬಾ. ಕ್ಲೋರೋಫಾರ್ಮ್ ಕಾಲ.

ಹಳೆಥಿಯೇಟರ್:
ಕ್ಲೋರೋಫಾರ್ಮ್‌ನ ಭಯವೂ ಮಕ್ಕಳಿಂದಲೇ ಶುರುವಾಗಿದ್ದು. 1848ರಲ್ಲಿ ಇಂಗ್ಲೆಂಡಿನ ಹದಿನೈದು ವರ್ಷದ ಹುಡುಗಿ ಹ್ಯಾನಾ ಗ್ರೀನರ್ ಕಾಲಿನ ಉಗುರು ತೆಗೆಸಿಕೊಳ್ಳಲು ಕೂತವಳು ಕ್ಲೋರೋಫಾರ್ಮ್ ಕೊಟ್ಟ ಕೆಲವೇ ನಿಮಿಷದಲ್ಲಿ ತೀರಿಹೋದಳು. ಆಪರೇಷನ್ ಚಿಕ್ಕದು ಅಂದರೆ ಅರಿವಳಿಕೆಯೂ ಚಿಕ್ಕದು ಅಂತ ಅರ್ಥ ಅಲ್ಲ. ಇದನ್ನು ಹೊಸಬರಿಗೆ ನಾನು ಯಾವಾಗಲೂ ಹೇಳುತ್ತಿದ್ದೆ.

ಅವಳಿಅಮ್ಮ:
ಈಗ ಇದನ್ನು ಹೇಳಬೇಕಿತ್ತಾ? ಪಾಪ, ಅವರ ಮಗುವಿಗೆ ಆಪರೇಷನ್ ಇದೆ.

ಬೆಳದಿಂಗಳು:
ಪರವಾಗಿಲ್ಲ, ಹೇಳಲಿ. ಎಲ್ಲ ತಿಳಿದುಕೊಂಡೇ ಹೋಗುತ್ತೇನೆ. ಡಾಕ್ಟರ್‌ಗೆ ನಾನು ಮರೆಯದೆ ಏನು ಹೇಳಬೇಕು?

ನೀಲಿಛತ್ರಿ:
ಮೊದಲನೆಯದು, ನಿಮ್ಮ ಅಥವಾ ಗಂಡನ ಮನೆ ಕಡೆ ಯಾರಿಗಾದರೂ ಅರಿವಳಿಕೆಯಲ್ಲಿ ಮೈ ವಿಪರೀತ ಬಿಸಿಯಾಗಿದ್ದು, ಸ್ನಾಯು ಬಿಗಿದುಕೊಂಡಿದ್ದು, ಕಾರಣ ತಿಳಿಯದೆ ಸತ್ತಿದ್ದು ಇದ್ದರೆ ಹೇಳಲೇಬೇಕು. ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ ಅಂತ ಒಂದಿದೆ. ಅಪರೂಪ, ಆದರೆ ಮನೆತನದಲ್ಲಿ ಹರಿದುಬರುತ್ತದೆ. 1960ರಲ್ಲಿ ಮೆಲ್ಬರ್ನ್‌ನ ವೈದ್ಯರು ಇದನ್ನು ಮೊದಲು ವಿವರಿಸಿದರು. ಕಾಲು ಮುರಿದುಕೊಂಡು ಬಂದ ಯುವಕನೊಬ್ಬ ಮುರಿದ ಕಾಲಿಗಿಂತ ಅರಿವಳಿಕೆಗೆ ಹೆದರಿದ್ದ. ಅವನ ಬಂಧುಗಳಲ್ಲಿ ಹತ್ತು ಜನ ಅರಿವಳಿಕೆಯಲ್ಲೇ ಸತ್ತಿದ್ದರು. ಸೆವೊಫ್ಲುರೇನ್, ಡೆಸ್‌ಫ್ಲುರೇನ್, ಐಸೊಫ್ಲುರೇನ್, ಹ್ಯಾಲೊಥೇನ್, ಇವುಗಳಲ್ಲಿ ಯಾವುದು ಕೊಟ್ಟರೂ ಇದು ಕೆರಳಬಹುದು. ನೈಟ್ರಸ್ ಆಕ್ಸೈಡ್, ಪ್ರೊಪೊಫಾಲ್ ಕೊಟ್ಟರೆ ಕೆರಳುವುದಿಲ್ಲ. ಡ್ಯಾಂಟ್ರೊಲಿನ್ ಅನ್ನುವ ಮದ್ದು ಇದೆ.

ರಿಕವರಿಸಿಸ್ಟರ್:
ಎರಡನೆಯದು ನೆಗಡಿ. ಆಪರೇಷನ್ ದಿನ ತಪ್ಪಿಹೋಗುತ್ತದೆ ಅಂತ ಕೆಮ್ಮು, ಜ್ವರ ಮುಚ್ಚಿಡುವ ಅಪ್ಪ ಅಮ್ಮಂದಿರನ್ನು ನಾನು ನೋಡುತ್ತಲೇ ಇರುತ್ತೇನೆ. ರಜೆ ಹಾಕಿರುತ್ತಾರೆ, ಅರ್ಥವಾಗುತ್ತದೆ. ಆದರೆ ನೆಗಡಿಯಾಗಿ ಎರಡು ವಾರದೊಳಗಿನ ಶ್ವಾಸನಾಳ ಎಲ್ಲಕ್ಕೂ ಸಿಡಿಯುತ್ತದೆ. ತಿಳಿ ಮೂಗು ಸೋರುವುದು ಬೇರೆ, ಜ್ವರ, ಹಸಿರು ಕಫ, ಎದೆಯಲ್ಲಿ ಸೀಟಿ ಬೇರೆ. ಮುಂದಕ್ಕೆ ಹಾಕಬೇಕಾ ಬೇಡವಾ ಅಂತ ನಿರ್ಧರಿಸುವುದು ಡಾಕ್ಟರ್ ಕೆಲಸ, ಹೇಳುವುದು ನಿಮ್ಮ ಕೆಲಸ. ಮನೆಯಲ್ಲಿ ಸಿಗರೇಟ್ ಸೇದುವವರಿದ್ದರೆ ಅದನ್ನೂ ಹೇಳಿ. ರಾತ್ರಿ ಗೊರಕೆ ಹೊಡೆದು ನಡುವೆ ಉಸಿರು ನಿಲ್ಲುತ್ತದಾ ನೋಡಿ, ಅದನ್ನೂ ಹೇಳಿ.

ತೊಟ್ಟಿಲು:
ನೀರು? ರಾತ್ರಿಯಿಂದ ಏನೂ ಕೊಡಬೇಡಿ ಅಂತ ನಮಗೆ ಹೇಳಿದ್ದರು. ಮಗು ಮಧ್ಯಾಹ್ನದವರೆಗೆ ಅತ್ತಿತ್ತು.

ಮಾಸ್ಕ್‌ಹಿಡಿಯುವವ:
ರಾತ್ರಿಯಿಂದ ಉಪವಾಸ ಕೆಡವುವುದು ಹಳೆಯ ಪದ್ಧತಿ, ಅದು ಹೋಗಬೇಕು. ಗಟ್ಟಿ ಆಹಾರಕ್ಕೆ ಆರು ಗಂಟೆ, ಎದೆಹಾಲಿಗೆ ನಾಲ್ಕು ಗಂಟೆ ಅನ್ನುವುದು ಸಾಮಾನ್ಯ ನಿಯಮ. ನೀರು, ತಿಳಿಯಾದ ಪಾನೀಯ ಒಂದು ಗಂಟೆ ಮುಂಚಿನವರೆಗೂ ಕೊಡಬಹುದು ಅಂತ 2018ರಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ಯುರೋಪಿನ ಮಕ್ಕಳ ಅರಿವಳಿಕೆ ಸಂಘಗಳು ಒಟ್ಟಾಗಿ ಹೇಳಿದವು. ನಿಮ್ಮ ಆಸ್ಪತ್ರೆಯಲ್ಲಿ ಎರಡು ಗಂಟೆ ಅಂದರೆ ಎರಡು ಗಂಟೆಯೇ ಪಾಲಿಸಿ. ಆದರೆ ಕೇಳಿ, ಸುಮ್ಮನಿರಬೇಡಿ. ಬಾಯಾರಿದ ಮಗು ಮಾಸ್ಕ್ ನೋಡುವ ಮೊದಲೇ ಸಿಟ್ಟಾಗಿರುತ್ತದೆ, ಏಳುವಾಗಲೂ ಆ ಸಿಟ್ಟು ಹೋಗಿರುವುದಿಲ್ಲ.

ಕಂಬಳಿಹುಳು:
ಒಂದು ಪ್ರಶ್ನೆ, ಜಗಳಕ್ಕಲ್ಲ. ಅಣ್ಣನ ಮಗು ಅವಧಿಗೆ ಮೊದಲೇ ಹುಟ್ಟಿದ್ದು, ಈಗ ಮೂರು ತಿಂಗಳು. ಅದಕ್ಕೂ ಹರ್ನಿಯಾ ಇದೆ. ಅದಕ್ಕೂ ಇದೇ ಲೆಕ್ಕವಾ?

ಮಾಸ್ಕ್‌ಹಿಡಿಯುವವ:
ಇಲ್ಲ, ಒಳ್ಳೆಯದಾಯಿತು ಕೇಳಿದಿರಿ. ಅವಧಿಗೆ ಮೊದಲು ಹುಟ್ಟಿದ ಮಗುವಿಗೆ ಯಾವುದೇ ಗ್ಯಾಸ್ ಕೊಟ್ಟರೂ ಆಮೇಲೆ ಉಸಿರು ನಿಂತು ನಿಂತು ಬರುವ ಅಪಾಯ ಇದೆ. ಗರ್ಭದ ವಾರಗಳನ್ನೂ ಹುಟ್ಟಿದ ಮೇಲಿನ ವಾರಗಳನ್ನೂ ಕೂಡಿಸಿ 60 ವಾರ ದಾಟದಿದ್ದರೆ ಬಹಳ ಕಡೆ ರಾತ್ರಿ ಆಸ್ಪತ್ರೆಯಲ್ಲೇ ಇಟ್ಟು ಉಸಿರು ನೋಡಿಕೊಳ್ಳುತ್ತಾರೆ. ಅದೇ ದಿನ ಮನೆಗೆ ಕಳಿಸಿ ಅಂತ ಒತ್ತಾಯ ಮಾಡಬೇಡಿ ಅಂತ ಅಣ್ಣನಿಗೆ ಹೇಳಿ.

ಕಂಬಳಿಹುಳು:
ಇವತ್ತೇ ಹೇಳುತ್ತೇನೆ. ಥ್ಯಾಂಕ್ಸ್.

ಬೆಳದಿಂಗಳು:
ಸೆವೊಫ್ಲುರೇನ್ ಬೇಡ ಅಂತ ಇನ್ನು ಕೇಳುವುದಿಲ್ಲ. ಏಳುವಾಗ ಗಲಾಟೆಯಾಗದ ಹಾಗೆ ಏನು ಕೊಡುತ್ತೀರಿ, ನೋವಿಗೆ ಏನು ಮಾಡುತ್ತೀರಿ, ನಾನು ಯಾವಾಗ ಅವನ ಪಕ್ಕ ಬರಬಹುದು, ಇಷ್ಟು ಬರೆದಿಟ್ಟುಕೊಂಡಿದ್ದೇನೆ. ಮನೆಗೆ ಬರುವಾಗ ಏನಾದರೂ ನೋಡಿಕೊಳ್ಳಬೇಕಾ? ಕಾರಿನಲ್ಲಿ ನಾನೊಬ್ಬಳೇ ಕರೆತರಬೇಕಾಗಬಹುದು.

ರಿಕವರಿಸಿಸ್ಟರ್:
ಒಬ್ಬರೇ ಬೇಡ. ಗಾಡಿ ಓಡಿಸುವವರು ಒಬ್ಬರು, ಮಗುವಿನ ಪಕ್ಕ ಕೂರುವವರು ಇನ್ನೊಬ್ಬರು. ಗ್ಯಾಸ್ ಹೋಗಿದ್ದರೂ ನೋವಿನ ಔಷಧದ ಮಂಪರು ಇರುತ್ತದೆ. ಸೀಟಿನಲ್ಲಿ ನಿದ್ದೆ ಹೋದಾಗ ಗದ್ದ ಎದೆಗೆ ಬಿದ್ದರೆ ಉಸಿರಿನ ದಾರಿ ಕಿರಿದಾಗುತ್ತದೆ, ತಲೆ ನೆಟ್ಟಗೆ ಹಿಡಿಯಲು ಒಬ್ಬರು ಬೇಕೇ ಬೇಕು. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರೆ ಕಾಲು ಕೆಲವು ಗಂಟೆ ಸೋತಿರಬಹುದು, ಇಳಿಸಿ ನಡೆಸಬೇಡಿ, ಎತ್ತಿಕೊಳ್ಳಿ. ಆ ಮರಗಟ್ಟಿದ್ದು ಬಿಡುವ ಮುಂಚೆಯೇ ನೋವಿನ ಔಷಧದ ಮುಂದಿನ ಡೋಸ್ ಕೊಡಿ, ಅಳುವವರೆಗೆ ಕಾಯಬೇಡಿ. ವಾಂತಿ ಮೇಲಿಂದ ಮೇಲೆ ಆದರೆ, ಎಬ್ಬಿಸಿದರೂ ಏಳದಿದ್ದರೆ, ಉಸಿರಿನ ಸದ್ದು ಬದಲಾದರೆ, ಕೊಟ್ಟಿರುವ ನಂಬರಿಗೆ ಕೂಡಲೇ ಫೋನ್ ಮಾಡಿ. ರಾತ್ರಿ ಎಷ್ಟು ಹೊತ್ತಾದರೂ ಸರಿ.